ಗ್ರೋತ್ ಹಾರ್ಮೋನ್ ಆಂಟಿಬಾಡಿ: ಬಣ್ಣ ಮಂಕಾದರೆ ಹಾರ್ಮೋನ್ ಕಡಿಮೆ ಅಂತಲೇ?

ಮನುಷ್ಯರ ಗ್ರೋತ್ ಹಾರ್ಮೋನ್ 191 ಅಮೈನೋ ಆಮ್ಲಗಳ ಪ್ರೋಟೀನ್. ತೂಕ ಸುಮಾರು 22 ಕಿಲೋಡಾಲ್ಟನ್. ಪಿಟ್ಯುಟರಿ ಗ್ರಂಥಿಯ ಮುಂಭಾಗದ ಸೊಮ್ಯಾಟೋಟ್ರೋಫ್ ಕೋಶಗಳು ಇದನ್ನು ತಯಾರಿಸಿ, ಸಣ್ಣ ಗ್ರ್ಯಾನ್ಯೂಲ್‌ಗಳಲ್ಲಿ ತುಂಬಿಟ್ಟುಕೊಳ್ಳುತ್ತವೆ. ಈ ತುಂಬಿಟ್ಟುಕೊಳ್ಳುವ ವಿಷಯ ನೆನಪಿರಲಿ.

ಅಂಗಾಂಶದ ತೆಳು ಪದರದಲ್ಲಿ ಈ ಹಾರ್ಮೋನ್ ಎಲ್ಲಿದೆ ಅಂತ, ಅದಕ್ಕೆ ಅಂಟುವ ಆಂಟಿಬಾಡಿಯಿಂದ ಬಣ್ಣ ಬರಿಸಿ ನೋಡುವ ಕ್ರಮ ಲ್ಯಾಬ್‌ನವರಿಗೆಲ್ಲ ಗೊತ್ತಿರುವುದೇ. ಸೆಕ್ಷನ್‌ನಿಂದ, ಅಂದರೆ ಆ ಪದರದಿಂದ, ಪ್ಯಾರಾಫಿನ್ ಮೇಣ ತೆಗೆಯಬೇಕು. ಫಾರ್ಮಲಿನ್ ಬಿಗಿದಿಟ್ಟ ಪ್ರೋಟೀನ್ ಸಡಿಲವಾಗಲು ಬಫರ್‌ನಲ್ಲಿ ಬಿಸಿ ಮಾಡಬೇಕು. ಅಂಗಾಂಶದ ಸ್ವಂತ ಪೆರಾಕ್ಸಿಡೇಸ್ ಕಿಣ್ವವನ್ನು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಸುಮ್ಮನಾಗಿಸಬೇಕು. ಆಮೇಲೆ ಹಾರ್ಮೋನ್ ಹಿಡಿಯುವ ಪ್ರೈಮರಿ ಆಂಟಿಬಾಡಿ, ನಂತರ ಆ ಪ್ರೈಮರಿಯನ್ನು ಹಿಡಿಯುವ, ಪೆರಾಕ್ಸಿಡೇಸ್ ಹೊತ್ತ ಸೆಕೆಂಡರಿ. ಪ್ರೈಮರಿ ಮೊಲದ್ದಾದರೆ ಸೆಕೆಂಡರಿ ಮೊಲದ ಆಂಟಿಬಾಡಿಯನ್ನು ಹಿಡಿಯುವಂಥದ್ದೇ ಇರಬೇಕು. ಪೆರಾಕ್ಸಿಡೇಸ್ ಕಂದಾಗಿಸುವ ಡಿಎಬಿ ಎಂಬ ರಾಸಾಯನಿಕ ಹಾಕಿದರೆ ಹಾರ್ಮೋನ್ ಇರುವ ಜಾಗ ಕಂದು, ಹೆಮಟಾಕ್ಸಿಲಿನ್ ಹಾಕಿದರೆ ನ್ಯೂಕ್ಲಿಯಸ್ ನೀಲಿ. ಕಂದು ಬಣ್ಣ ಸೈಟೋಪ್ಲಾಸಂನಲ್ಲಿ ಬರಬೇಕು.

ನಾನು ಎಡವಿದ್ದು ಇಲ್ಲಿ. ಅಕ್ರೋಮೆಗಲಿ (ಗ್ರೋತ್ ಹಾರ್ಮೋನ್ ಅತಿಯಾಗಿ ಕೈಕಾಲು, ಮುಖ ದೊಡ್ಡದಾಗುವ ಕಾಯಿಲೆ) ಇರುವವರ ಪಿಟ್ಯುಟರಿ ಗಡ್ಡೆಯ ಸ್ಲೈಡ್ ನೋಡುತ್ತಿದ್ದೆ. ರಕ್ತದಲ್ಲಿ ಹಾರ್ಮೋನ್ ತುಂಬಾ ಜಾಸ್ತಿ. ಸ್ಲೈಡ್‌ನಲ್ಲಿ ಮಾತ್ರ ಬಣ್ಣ ಮಂಕು, ಅದೂ ಅಲ್ಲಲ್ಲಿ. ಆಂಟಿಬಾಡಿ ಜಾಸ್ತಿ ತೆಳುವಾಯಿತೇನೋ ಅಂದುಕೊಂಡು ಮತ್ತೆ ಮಾಡಿದೆ. ಮತ್ತೂ ಮಂಕೇ. ಆದರೆ ಅದೇ ಸ್ಲೈಡ್‌ನಲ್ಲಿ ಹೋಲಿಕೆಗೆ, ಅಂದರೆ ಕಂಟ್ರೋಲ್ ಆಗಿ ಇಟ್ಟಿದ್ದ ಸಾಮಾನ್ಯ ಪಿಟ್ಯುಟರಿ ಎರಡು ಸಲವೂ ಗಾಢ ಕಂದಾಗಿತ್ತು. ಅಂದರೆ ಆಂಟಿಬಾಡಿ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು.

ಹಾಗಾದರೆ ಹಾರ್ಮೋನ್ ಎಲ್ಲಿ ಹೋಯಿತು? ಕೋಶದಿಂದ ಹೊರಗೆ! ಆಂಟಿಬಾಡಿಗೆ ಸಿಗುವುದು ಆ ಗಳಿಗೆಯಲ್ಲಿ ಕೋಶದೊಳಗೆ ಉಳಿದಿರುವ ದಾಸ್ತಾನು ಮಾತ್ರ. ರಕ್ತ ಪರೀಕ್ಷೆಗೆ ಸಿಗುವುದು ಹೊರಗೆ ಹೋದದ್ದು. ಎರಡೂ ಬೇರೆ ಬೇರೆ ಲೆಕ್ಕ, ಅಲ್ವಾ? ಗ್ರ್ಯಾನ್ಯೂಲ್ ವಿರಳವಾಗಿರುವ ಬಗೆಯ ಸೊಮ್ಯಾಟೋಟ್ರೋಫ್ ಗಡ್ಡೆಗಳಲ್ಲಿ ದಾಸ್ತಾನು ಕಡಿಮೆ, ಆದ್ದರಿಂದ ಬಣ್ಣವೂ ಕಡಿಮೆ. ಗ್ರ್ಯಾನ್ಯೂಲ್ ದಟ್ಟವಾಗಿರುವ ಬಗೆಯಲ್ಲಿ ಬಣ್ಣ ಗಾಢವಾಗಿ, ಎಲ್ಲೆಡೆ ಹರಡಿ ಬರುತ್ತದೆ. ಬಣ್ಣದ ಗಾಢತೆ ನೋಡಿ ರಕ್ತದ ಮಟ್ಟ ಊಹಿಸಲೇಬಾರದು.

ಈಗ ನನ್ನ ಅಭ್ಯಾಸ ಇಷ್ಟೇ: ಮೊದಲು ಕಂಟ್ರೋಲ್ ನೋಡುತ್ತೇನೆ. ಅದು ಗಾಢವಾಗಿದ್ದು ಗಡ್ಡೆ ಮಂಕಾಗಿದ್ದರೆ, ಡೈಲ್ಯೂಷನ್, ಅಂದರೆ ಆಂಟಿಬಾಡಿಯನ್ನು ಎಷ್ಟು ತೆಳುವಾಗಿಸಿದ್ದೇನೆ ಅನ್ನುವುದನ್ನು, ಮುಟ್ಟುವುದಿಲ್ಲ. ಕೆರಾಟಿನ್ ಎಂಬ ನಾರಿನಂಥ ಪ್ರೋಟೀನ್ ಹಿಡಿಯುವ ಕ್ಯಾಮ್ 5.2 ಆಂಟಿಬಾಡಿಯ ಸ್ಲೈಡ್ ತೆಗೆಯುತ್ತೇನೆ. ನ್ಯೂಕ್ಲಿಯಸ್ ಪಕ್ಕ ದುಂಡನೆಯ ಚುಕ್ಕೆಗಳು, ಅಂದರೆ ಫೈಬ್ರಸ್ ಬಾಡಿಗಳು, ಹೆಚ್ಚಿನ ಕೋಶಗಳಲ್ಲಿ ಕಂಡರೆ ಅದು ವಿರಳ ಬಗೆ. ಸೊಮ್ಯಾಟೋಟ್ರೋಫ್ ವಂಶದ ಗುರುತಾದ ಪಿಟ್-1 ಪ್ರೋಟೀನ್‌ನ ಆಂಟಿಬಾಡಿ ಹಾಕಿದರೆ ಬಣ್ಣ ನ್ಯೂಕ್ಲಿಯಸ್‌ನಲ್ಲಿ ಬರುತ್ತದೆ. ಆಗ ಕೋಶದ ವಂಶವೂ ಗೊತ್ತಾಗುತ್ತದೆ.

ಪ್ಲಾಸೆಂಟಾ (ಮಾಸು) ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಅಲ್ಲಿ ತಯಾರಾಗುವ ಗ್ರೋತ್ ಹಾರ್ಮೋನ್ ಪಿಟ್ಯುಟರಿಯದಕ್ಕಿಂತ 13 ಅಮೈನೋ ಆಮ್ಲಗಳಲ್ಲಷ್ಟೇ ಬೇರೆ. ಅಲ್ಲಿನ ಇನ್ನೊಂದು ಹಾರ್ಮೋನ್ ಪ್ಲಾಸೆಂಟಲ್ ಲ್ಯಾಕ್ಟೋಜನ್ ಕೂಡ ಸುಮಾರು 85% ಇದರಂತೆಯೇ ಇದೆ. ಪಾಲಿಕ್ಲೋನಲ್ ಆಂಟಿಬಾಡಿ ಪ್ರೋಟೀನ್‌ನ ಹಲವು ಕಡೆ ಹಿಡಿಯುವುದರಿಂದ, ಅಲ್ಲಿ ಬಂದ ಕಂದು ಬಣ್ಣ ಇವುಗಳಲ್ಲಿ ಯಾವುದರದ್ದು ಅಂತ ಅದೊಂದರಿಂದಲೇ ಹೇಳಲಾಗದು.