ಬಟ್ಟೆ ಗಿರಣಿಯಲ್ಲಿ, ಹೊಲಿಗೆ ವಠಾರದಲ್ಲಿ

ಪ್ರಶ್ನೆ: 19ನೇ ಶತಮಾನದ ಅಮೆರಿಕದಲ್ಲಿ ಬಟ್ಟೆ ನೇಯಲು ದೊಡ್ಡ ದೊಡ್ಡ ಗಿರಣಿಗಳಿದ್ದವು. ಹೊಲಿಗೆ ಯಂತ್ರವೂ ಬಂದಿತ್ತು. ಆದರೂ ನ್ಯೂಯಾರ್ಕಿನಲ್ಲಿ ಅಂಗಿ, ಕೋಟುಗಳನ್ನು ಬಡವರ ವಠಾರದ ಕೋಣೆಗಳಲ್ಲಿ ಹೊಲಿಸುತ್ತಿದ್ದದ್ದು ಯಾಕೆ?

ಉತ್ತರ: ಮಗ್ಗಕ್ಕೆ ನದಿ ಬೇಕಿತ್ತು, ಹೊಲಿಗೆ ಯಂತ್ರಕ್ಕೆ ಕಾಲು ಸಾಕಿತ್ತು. ಅರ್ಧ ಉತ್ತರ ಇಲ್ಲೇ ಇದೆ.

ಮ್ಯಾಸಚೂಸೆಟ್ಸ್‌ನ ಲೋವೆಲ್‌ನಲ್ಲಿ 1820ರ ದಶಕದಲ್ಲಿ ಮೆರಿಮ್ಯಾಕ್ ನದಿಯ ನೀರನ್ನು ಕಾಲುವೆಗೆ ಹರಿಸಿ, ಅದರ ಬಲದಿಂದ ಮಗ್ಗ ಓಡಿಸಿದರು. ನೂರಾರು ಮಗ್ಗ ಒಂದೇ ಚಕ್ರವನ್ನು ನಂಬಿದ್ದರೆ ಕೆಲಸದವರೂ ಒಂದೇ ಸೂರಿನಡಿ ಬರಲೇಬೇಕು. ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದ ಯಂತ್ರಗಳಿಗೆ ಆ ಹಂಗಿರಲಿಲ್ಲ. ಕಿಟಕಿ ಪಕ್ಕ ಒಂದಿಷ್ಟು ಜಾಗವಿದ್ದರೆ ಆಯಿತು.

ಇನ್ನರ್ಧ ದುಡ್ಡಿನ ಲೆಕ್ಕ. ಮ್ಯಾನ್‌ಹಟನ್‌ನಲ್ಲಿ ಜಾಗ ದುಬಾರಿ, ಕೂಲಿ ಅಗ್ಗ. ಐರಿಷರು, ಜರ್ಮನ್ನರು, 1880ರ ದಶಕದಿಂದ ರಷ್ಯಾ ಕಡೆಯ ಯಹೂದಿಗಳು, ಇಟಲಿಯವರು ಹಡಗಿಳಿದು ಬರುತ್ತಲೇ ಇದ್ದರು. ಕತ್ತರಿ ತಪ್ಪಿದರೆ ಬಟ್ಟೆಯೇ ಹಾಳು. ಹಾಗಾಗಿ ವ್ಯಾಪಾರಿ ಕಟಿಂಗ್ ಕೆಲಸವನ್ನು ತನ್ನ ಕಣ್ಣೆದುರೇ ಮಾಡಿಸುತ್ತಿದ್ದ. ಕತ್ತರಿಸಿದ ತುಂಡುಗಳ ಗಂಟು ಗುತ್ತಿಗೆದಾರನ ಕೈ ಸೇರಿ ವಠಾರಕ್ಕೆ ಹೋಗುತ್ತಿತ್ತು. ಕೂಲಿ ಪೀಸ್ ಲೆಕ್ಕ. ಕೋಣೆ ಬಾಡಿಗೆ, ದೀಪದ ಎಣ್ಣೆ, ಬಹಳ ಸಲ ದಾರ ಕೂಡ ಹೊಲಿಯುವವರದೇ. ಯಂತ್ರವೂ ಅವರದೇ ಆಗಬಹುದಿತ್ತು: ಸಿಂಗರ್ ಕಂಪನಿ 1856ರಿಂದ ಕಂತಿನಲ್ಲಿ ಮಾರತೊಡಗಿತ್ತು! ಸೀಸನ್ ಮುಗಿದರೆ ಗಂಟು ಬರುವುದು ನಿಲ್ಲುತ್ತಿತ್ತು. ಖಾಲಿ ಕಟ್ಟಡಕ್ಕೆ ಬಾಡಿಗೆ ಕಟ್ಟುವ ತಲೆನೋವು ವ್ಯಾಪಾರಿಗಿರಲಿಲ್ಲ.

ಯಂತ್ರ ಬಂದು ಕೆಲಸ ಹಗುರಾಗಲಿಲ್ಲವೇ ಅಂದರೆ, ಬೇಗ ಆಯಿತು ಅಷ್ಟೆ. ಕೈಯಲ್ಲಿ ಹೊಲಿದರೆ 14 ಗಂಟೆಗೂ ಮೀರುವ ಗಂಡಸರ ಅಂಗಿ ಯಂತ್ರದಲ್ಲಿ ಒಂದೂಕಾಲು ಗಂಟೆಯಲ್ಲಿ ಮುಗಿಯುತ್ತದೆ ಎಂದು ತಯಾರಕರೇ ಲೆಕ್ಕ ಕೊಟ್ಟಿದ್ದರು. ಉಳಿದ ಹೊತ್ತು ಹೊಲಿಯುವವರಿಗೆ ದಕ್ಕಲಿಲ್ಲ. ಪೀಸಿನ ದರ ಇಳಿಯಿತು, ಹೊಟ್ಟೆಪಾಡಿಗೆ ಇನ್ನಷ್ಟು ಪೀಸ್ ಹೊಲಿಯಬೇಕಾಯಿತು. ಅಂತರ್ಯುದ್ಧದಲ್ಲಿ ಸೈನಿಕರಿಗೆ ಸಮವಸ್ತ್ರ ಒದಗಿಸುವಾಗ ಅಳತೆಗಳು ಒಂದು ಹದಕ್ಕೆ ಬಂದಿದ್ದವು. ಸಿದ್ಧ ಉಡುಪಿಗೆ ಬೇಡಿಕೆ ಏರುತ್ತಲೇ ಹೋಯಿತು.

ಶತಮಾನ ಮುಗಿಯುವ ಹೊತ್ತಿಗೆ ವಿದ್ಯುತ್ ಮೋಟಾರು ಬಂದು, ಬಹುಮಹಡಿ ಕಟ್ಟಡಗಳಲ್ಲಿ ಸಾಲು ಸಾಲು ಯಂತ್ರ ಕೂಡಿಸುವುದು ಲಾಭದ ಮಾತಾಯಿತು. ಆಗ ಹೊಲಿಗೆಯೂ ಮೆಲ್ಲಗೆ ಕಾರ್ಖಾನೆಗೆ ಬಂತು. ಅಲ್ಲೂ ಕೆಲವು ಮಾಲೀಕರು ಸೂಜಿಯ ದುಡ್ಡು, ಕರೆಂಟಿನ ದುಡ್ಡು ಅಂತ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು.