‘ಅರ್ಥವಾಗಲಿಲ್ಲ’ ಅನ್ನುವುದಕ್ಕೂ ಮಾರ್ಕ್ಸ್ ಇದೆ

ನಮ್ಮ ಸಂಜೆ ಬ್ಯಾಚಿಗೆ ಹೊಸದಾಗಿ ಸೇರುವವರನ್ನು ಮೊದಲು ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿಸುತ್ತೇನೆ. ಯಾರನ್ನು ಯಾವ ಗುಂಪಿಗೆ ಹಾಕಬೇಕು ಅಂತ ಗೊತ್ತಾಗಬೇಕಲ್ಲ, ಅದಕ್ಕೆ. ಬರುವವರು ಎಲ್ಲ ಥರದವರು. ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರು, ಹೋಮ್ ನರ್ಸ್‌ಗಳು, ಕ್ಯಾಬ್ ಓಡಿಸುವವರು, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮಂದಿರು, ಮದುವೆಯಾಗಿ ಇಂಗ್ಲೆಂಡಿಗೆ ಹೋಗಬೇಕಾದ ಹುಡುಗಿಯರು.

ಒಂದು ಸಂಜೆ ಒಬ್ಬರ ಹಿಂದೊಬ್ಬರು ಬಂದ ಇಬ್ಬರು ಇವತ್ತಿಗೂ ನೆನಪಿದ್ದಾರೆ. ಮೊದಲು ಬಂದವನು ಬಿ.ಕಾಂ. ಮುಗಿಸಿದ ಹುಡುಗ. ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಅಂದದ್ದೇ ತಡ, ಎರಡು ನಿಮಿಷ ನಿಲ್ಲದೆ ಹೇಳಿದ. ಹುಟ್ಟಿದ ಊರು, ಅಪ್ಪನ ಕೆಲಸ, ಹವ್ಯಾಸ, ‘ಮೈ ಸ್ಟ್ರೆಂತ್ ಈಸ್ ಹಾರ್ಡ್ ವರ್ಕ್’. ಒಂದು ತಪ್ಪಿಲ್ಲ. ಮುಗಿದ ಮೇಲೆ ‘ಸೋ, ಹೌ ಡಿಡ್ ಯು ಗೆಟ್ ಹಿಯರ್ ಟುಡೇ?’ ಅಂತ ಕೇಳಿದೆ. ಬಸ್ಸಿನಲ್ಲಿ ಬಂದನೋ ಬೈಕಿನಲ್ಲೋ ಅಂತ, ಅಷ್ಟೆ. ‘ಯೆಸ್ ಮೇಡಂ’ ಅಂದ. ಮತ್ತೆ ಕೇಳಿದೆ. ‘ಯೆಸ್, ಯೆಸ್’ ಅಂತ ನಕ್ಕ.

ಅವನ ನಂತರ ಬಂದವರಿಗೆ ಐವತ್ತೆಂಟು ವರ್ಷ. ಓದಿದ್ದು ಏಳನೇ ಕ್ಲಾಸು. ನ್ಯೂಜೆರ್ಸಿಗೆ ಹೊರಟಿದ್ದರು. ‘ಮೈ ಡಾಟರ್ ಸೆಕೆಂಡ್ ಡೆಲಿವರಿ. ಐ ಗೋ. ಸಿಕ್ಸ್ ಮಂತ್ ಸ್ಟೇ’ ಅಂದರು. ‘ವೆನ್ ಈಸ್ ಶಿ ಡ್ಯೂ?’ ಅಂದೆ. ಹುಬ್ಬು ಗಂಟಾಯಿತು. ‘ಡ್ಯೂ? ಮನಿ ಡ್ಯೂ?’ ಇನ್ಶೂರೆನ್ಸ್ ಡ್ಯೂ, ಚೀಟಿ ಡ್ಯೂ ಬಿಟ್ಟರೆ ಬೇರೆ ಡ್ಯೂ ಅವರ ಕಿವಿಗೆ ಬಿದ್ದಿರಲಿಲ್ಲ. ‘ನೋ ನೋ, ದ ಬೇಬಿ’ ಅಂದೆ. ಮುಖ ಅರಳಿತು. ‘ಓ, ಬೇಬಿ ಕಮಿಂಗ್ ಡೇಟ್! ನವೆಂಬರ್ ಟ್ವೆಂಟಿ!’

ವ್ಯಾಕರಣದ ಪೇಪರ್ ಕೊಟ್ಟಿದ್ದರೆ ಹುಡುಗನಿಗೆ ಎಂಬತ್ತು, ಈ ಅಮ್ಮನಿಗೆ ಹತ್ತು ಬರುತ್ತಿತ್ತು. ಆದರೆ ಇಮಿಗ್ರೇಶನ್ ಕೌಂಟರಿನಲ್ಲೋ ಮೆಡಿಕಲ್ ಶಾಪಿನಲ್ಲೋ ಇಬ್ಬರನ್ನೂ ನಿಲ್ಲಿಸಿದರೆ ಯಾರ ಕೆಲಸ ಆಗುತ್ತದೆ? ನಾನು ಅವರನ್ನು ಅವನಿಗಿಂತ ಮೇಲಿನ ಗುಂಪಿಗೆ ಹಾಕಿದೆ. ಹುಡುಗನಿಗೆ ಬೇಜಾರಾಯಿತು. ಅವನ ಬೇಜಾರೂ ನ್ಯಾಯವಾದದ್ದೇ. ನಮ್ಮ ಶಾಲೆ ಕಾಲೇಜುಗಳು ಅವನಿಗೆ ಹದಿನೈದು ವರ್ಷ ಬೇರೆಯದನ್ನೇ ಅಳೆದು ಕೊಟ್ಟಿದ್ದವು.

ದಿನಬಳಕೆಯ ಇಂಗ್ಲಿಷ್ ಅಳೆಯುವಾಗ ನಾನು ಎಲ್ಲಕ್ಕಿಂತ ಜಾಸ್ತಿ ಗಮನ ಕೊಡುವುದು ಇದೊಂದಕ್ಕೆ: ಎದುರಿನವರು ಹೇಳಿದ್ದು ಅರ್ಥವಾಗದಿದ್ದಾಗ ಇವರು ಏನು ಮಾಡುತ್ತಾರೆ? ಸುಮ್ನೆ ತಲೆಯಾಡಿಸುತ್ತಾರಾ, ಗಾಬರಿಯಾಗಿ ಕನ್ನಡಕ್ಕೆ ಹೊರಳುತ್ತಾರಾ, ಇಲ್ಲ ‘ಸಾರಿ, ವಾಟ್?’ ಅಂತಾದರೂ ಕೇಳುತ್ತಾರಾ? ಅದು ಗೊತ್ತಾದರೆ ಉಳಿದದ್ದು ಅರ್ಧ ಗೊತ್ತಾದ ಹಾಗೆ.

ಇದು ನಾನೊಬ್ಬಳೇ ಕಟ್ಟಿದ ಮಾತಲ್ಲ. ಯುರೋಪಿನ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಭಾಷಾ ಚೌಕಟ್ಟು, ಅಂದರೆ ಸಿಇಎಫ್‌ಆರ್, ಎ1ರಿಂದ ಸಿ2ವರೆಗೆ ಆರು ಹಂತ ಮಾಡಿದೆ. ಅದರ ತೀರ ಕೆಳಗಿನ ಎ1ರಲ್ಲೇ ಒಂದು ಷರತ್ತು ಇದೆ. ಎದುರಿನವರು ನಿಧಾನವಾಗಿ, ಬಿಡಿಸಿ ಮಾತಾಡಿ, ಸಹಾಯ ಮಾಡಲು ತಯಾರಿದ್ದರೆ ಈ ಹಂತದವರು ಸರಳವಾಗಿ ಮಾತುಕತೆ ನಡೆಸಬಲ್ಲರು ಅಂತ. ಅಂದರೆ ಭಾರ ಪೂರ್ತಿ ಕಲಿಯುವವರ ಮೇಲಿಲ್ಲ. ಎ2ಕ್ಕೆ ಬಂದಾಗ, ತಿಳಿಯದಿದ್ದರೆ ‘ಇನ್ನೊಂದು ಸಲ ಹೇಳಿ’ ಅಂತ ಕೇಳಬಲ್ಲರು ಅನ್ನುವುದು ಒಂದು ಸಾಮರ್ಥ್ಯವಾಗಿಯೇ ಪಟ್ಟಿಯಲ್ಲಿದೆ. ನಾವು ಸೋಲು ಅಂದುಕೊಂಡದ್ದನ್ನು ಅವರು ಏಣಿಯ ಒಂದು ಮೆಟ್ಟಿಲು ಮಾಡಿದ್ದಾರೆ.

ಅಮೆರಿಕದಲ್ಲಿ ವಲಸೆ ಬಂದ ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ತರಗತಿಗಳಲ್ಲಿ ‘ಬೆಸ್ಟ್ ಪ್ಲಸ್’ ಅನ್ನುವ ಟೆಸ್ಟ್ ಬಳಸುತ್ತಾರೆ. ವಾಷಿಂಗ್ಟನ್‌ನ ಸೆಂಟರ್ ಫಾರ್ ಅಪ್ಲೈಡ್ ಲಿಂಗ್ವಿಸ್ಟಿಕ್ಸ್ ಮಾಡಿದ್ದು. ಪೆನ್ನಿಲ್ಲ, ಪೇಪರಿಲ್ಲ. ಇಬ್ಬರು ಎದುರುಬದುರು ಕೂತು ಮಾತಾಡುವುದು, ಅಷ್ಟೇ. ಪರೀಕ್ಷಕರು ಪ್ರತಿ ಉತ್ತರಕ್ಕೂ ಮೂರು ವಿಷಯಕ್ಕೆ ಅಂಕ ಹಾಕುತ್ತಾರೆ. ಪ್ರಶ್ನೆ ತಿಳಿಯಿತೇ, ಎಷ್ಟು ವಿವರವಾಗಿ ಹೇಳಿದರು, ಹೇಳಿದ್ದು ಕೇಳುವವರಿಗೆ ಮುಟ್ಟಿತೇ. ವ್ಯಾಕರಣಕ್ಕೇ ಅಂತ ಬೇರೆ ಕಾಲಂ ಇಲ್ಲ. ಕಂಪ್ಯೂಟರಿನಲ್ಲಿ ನಡೆಸಿದರೆ, ಉತ್ತರ ಚೆನ್ನಾಗಿದ್ದಷ್ಟೂ ಮುಂದಿನ ಪ್ರಶ್ನೆ ಕಷ್ಟದ್ದು ಬರುತ್ತದೆ. ಬರದವರನ್ನು ಸುಮ್ನೆ ಸತಾಯಿಸುವುದಿಲ್ಲ.

ನನ್ನ ಶೀಟು ಅದಕ್ಕಿಂತ ಒರಟು. ಕೇಳಿ ತಿಳಿಯುವುದಕ್ಕೆ ಮೂರೇ ಅಂಕೆ. ಮೊದಲ ಸಲಕ್ಕೇ ತಿಳಿದರೆ 2. ತಾವಾಗಿ ಮತ್ತೆ ಕೇಳಿ ತಿಳಿದುಕೊಂಡರೆ 1. ತಿಳಿಯದೆ ತಲೆಯಾಡಿಸಿದರೆ 0. ಆ ಒಂದು ಮತ್ತು ಸೊನ್ನೆ ನಡುವೆಯೇ ನನ್ನ ಅರ್ಧ ಕೆಲಸ ಇರುವುದು.

ಸೊನ್ನೆಯನ್ನು ಹಿಡಿಯುವುದು ಸುಲಭವಲ್ಲ. ನಮ್ಮ ಜನ ‘ಹೂಂ’ ಅನ್ನುವುದರಲ್ಲಿ ಪಳಗಿದವರು. ದೊಡ್ಡವರ ಮುಂದೆ, ಮೇಷ್ಟ್ರ ಮುಂದೆ, ಸಾಹೇಬರ ಮುಂದೆ ‘ಗೊತ್ತಾಗ್ಲಿಲ್ಲ’ ಅಂದರೆ ಮರ್ಯಾದೆಗೆ ಕುಂದು ಅಂತ ಬೆಳೆದವರು. ಅದಕ್ಕೆ ನಾನು ಹೌದು ಇಲ್ಲ ಅಂತ ಉತ್ತರ ಬರುವ ಪ್ರಶ್ನೆಯನ್ನು ಟೆಸ್ಟಿನಿಂದ ಹೊರಗೇ ಇಟ್ಟಿದ್ದೇನೆ. ‘ಡು ಯು ಅಂಡರ್‌ಸ್ಟ್ಯಾಂಡ್?’ ಅಂತ ಕೇಳುವಷ್ಟು ದಂಡದ ಪ್ರಶ್ನೆ ಇನ್ನೊಂದಿಲ್ಲ. ಅದರ ಬದಲು ಮಾತಿನ ಮಧ್ಯೆ ಏನಾದರೂ ಮಾಡಿಸುತ್ತೇನೆ. ‘ಯುವರ್ ಕ್ಲಾಸ್ ಈಸ್ ಆನ್ ಟ್ಯೂಸ್‌ಡೇ, ನಾಟ್ ಥರ್ಸ್‌ಡೇ. ಪ್ಲೀಸ್ ಮಾರ್ಕ್ ಇಟ್’ ಅಂತ ಕ್ಯಾಲೆಂಡರ್ ಮುಂದಿಡುತ್ತೇನೆ. ಬೆರಳು ಮಂಗಳವಾರಕ್ಕೆ ಹೋಗುತ್ತೋ ಗುರುವಾರಕ್ಕೋ ನೋಡಿದರಾಯಿತು. ಈ ಎರಡು ವಾರ ಎಷ್ಟು ಜನರನ್ನು ಬೀಳಿಸಿವೆ ಅಂದರೆ, ನನಗೇ ಅವುಗಳ ಮೇಲೆ ಸಿಟ್ಟು. ಥರ್ಟೀನ್ ಮತ್ತು ಥರ್ಟಿ ಕೂಡ ಹಾಗೇ. ಫೋನ್ ನಂಬರಿನಲ್ಲಿ ‘ಡಬಲ್ ಏಟ್’ ಅಂದರೆ ನಮ್ಮವರಿಗೆ ಸಲೀಸು. ಅಮೆರಿಕದವರು ‘ಏಟ್ ಏಟ್’ ಅಂದರೆ ಒಂದೇ ಏಟ್ ಬರೆದು ಬಿಡುತ್ತಾರೆ, ಇನ್ನೊಂದು ಒತ್ತಿ ಹೇಳಿದ್ದು ಅಂದುಕೊಂಡು.

ಇಲ್ಲ ಅನ್ನುವ ಪ್ರಶ್ನೆಗಳದ್ದು ಬೇರೆಯೇ ಕಥೆ. ಕನ್ನಡದಲ್ಲಿ ‘ಮಾತ್ರೆ ತಗೊಂಡಿಲ್ವಾ?’ ಅಂದರೆ, ತಗೊಂಡಿಲ್ಲದವರು ‘ಹೂಂ, ತಗೊಂಡಿಲ್ಲ’ ಅನ್ನುತ್ತೇವೆ. ಕೇಳಿದವರ ಮಾತಿಗೆ ಹೂಂಗುಟ್ಟುತ್ತೇವೆ. ಇಂಗ್ಲಿಷಿನಲ್ಲಿ ಅದೇ ಜಾಗದಲ್ಲಿ ‘ನೋ’ ಬರಬೇಕು. ‘ಹ್ಯಾವ್ನ್ಟ್ ಯು ಟೇಕನ್ ಯುವರ್ ಟ್ಯಾಬ್ಲೆಟ್?’ ಅಂದಾಗ ನಮ್ಮವರು ‘ಯೆಸ್’ ಅಂದರೆ, ಆ ನರ್ಸ್ ತಗೊಂಡಿದ್ದಾರೆ ಅಂತ ಬರೆದುಕೊಂಡು ಹೋಗುತ್ತಾಳೆ. ‘ವುಡ್ ಯು ಮೈಂಡ್ ವೇಟಿಂಗ್ ಔಟ್‌ಸೈಡ್?’ ಅಂದರೆ ವಿನಯದಿಂದ ‘ಯೆಸ್, ಯೆಸ್’ ಅಂದು ಎದ್ದು ಹೋಗುವವರನ್ನು ದಿನಾ ನೋಡುತ್ತೇನೆ. ಶಬ್ದದ ಪ್ರಕಾರ ಅವರು ಹೇಳಿದ್ದು ‘ನನಗೆ ತೊಂದರೆ ಇದೆ’ ಅಂತ. ಆದರೂ ಅಲ್ಲಿ ಅಂಕ ಕಳೆಯುವುದಿಲ್ಲ ನಾನು. ಎದ್ದು ಹೋದರಲ್ಲ, ವಿಷಯ ತಿಳಿದಿದೆ. ಮಾತ್ರೆಯ ಪ್ರಶ್ನೆಯಲ್ಲಿ ಮಾತ್ರ ಕಳೆಯುತ್ತೇನೆ. ಅಲ್ಲಿ ತಪ್ಪಿದರೆ ಯಾರಿಗೋ ಪೆಟ್ಟು ಬೀಳುತ್ತದೆ. ಇಂಥ ಕಡೆ ‘ಯೆಸ್’, ‘ನೋ’ ನಂಬಬೇಡಿ, ಪೂರ್ತಿ ವಾಕ್ಯ ಹೇಳಿ ಅಂತ ಕಲಿಸುವುದು ಒಳ್ಳೆಯದು. ‘ಐ ಡಿಡ್ ನಾಟ್ ಟೇಕ್’ ಅಂದರೆ ಯಾವ ದೇಶದ ನರ್ಸಿಗೂ ಗೊಂದಲವಿಲ್ಲ.

ಉಚ್ಚಾರದ ಬಗ್ಗೆ ಜನ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ‘ಮೇಡಂ, ನಂದು ಹಳ್ಳಿ ಆಕ್ಸೆಂಟು’ ಅಂತ ಶುರುಮಾಡುತ್ತಾರೆ. ಹಳೇ ಮೈಸೂರು ಕಡೆಯವರು ‘ಆಸ್ಪಿಟಲ್’ ಅಂದರೂ ಆಸ್ಪತ್ರೆ ಅಂತ ತಿಳಿಯುತ್ತದೆ. ‘ಬಸ್ಸು’, ‘ಕಾರು’ ಅಂತ ಕೊನೆಗೊಂದು ಉಕಾರ ಸೇರಿದರೂ ಪ್ರಾಣ ಹೋಗುವುದಿಲ್ಲ. ನಾನು ನೋಡಿದ ಹಾಗೆ ಹೆಚ್ಚು ಎಡವಿಸುವುದು ಪದದಲ್ಲಿ ಒತ್ತು ಬೀಳುವ ಜಾಗ. ನಾವು ‘ಹೋಟೆಲ್’ ಅನ್ನುವಾಗ ಒತ್ತು ಮೊದಲಿಗೆ, ಇಂಗ್ಲಿಷ್ ಮಾತೃಭಾಷೆಯವರದು ಕೊನೆಗೆ. ‘ಡೆವಲಪ್’ನಲ್ಲಿ ಅವರ ಒತ್ತು ನಡುವೆ. ಜೊತೆಗೆ ವೇಗ. ಇಂಗ್ಲಿಷ್ ಬರುತ್ತೆ ಅಂತ ತೋರಿಸಲು ವೇಗವಾಗಿ ಮಾತಾಡುವವರನ್ನು ನಿಧಾನ ಮಾಡಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಇನ್ನು ನನ್ನದೇ ತಪ್ಪಿನ ವಿಷಯ. ಮೊದಲ ಕೆಲವು ವರ್ಷ ನಾನು ತುಂಬ ಒಳ್ಳೆಯ ಪರೀಕ್ಷಕಿ ಅಂದುಕೊಂಡಿದ್ದೆ. ಒಂದು ದಿನ ನನ್ನ ಇಂಟರ್‌ವ್ಯೂಗಳನ್ನು ರೆಕಾರ್ಡ್ ಮಾಡಿ ಕೇಳಿದೆ. ನಾಚಿಕೆಯಾಯಿತು. ಹತ್ತು ನಿಮಿಷದಲ್ಲಿ ಆರು ನಿಮಿಷ ನಾನೇ ಮಾತಾಡಿದ್ದೆ. ಅವರು ತಡವರಿಸಿದ ಕೂಡಲೇ ಪದ ಕೊಟ್ಟು ಬಿಡುತ್ತಿದ್ದೆ. ಮೌನ ತಡೆಯಲಾರದೆ ಪ್ರಶ್ನೆಯನ್ನೇ ಬದಲಿಸುತ್ತಿದ್ದೆ. ಅವರ ಅಂಕ ಬಹಳ ಮಟ್ಟಿಗೆ ನನ್ನ ಇಂಗ್ಲಿಷಿಗೆ ಬಿದ್ದಿತ್ತು.

ಇನ್ನೂ ಒಂದು ಇದೆ, ಅದು ನಮ್ಮಂಥ ಕನ್ನಡದ ಟೀಚರುಗಳ ವಿಶೇಷ ಕಾಯಿಲೆ. ‘ಸಿಂಪ್ಲಿ ಐ ಕೇಮ್’ ಅಂದರೆ ನನಗೆ ‘ಸುಮ್ನೆ ಬಂದೆ’ ಅಂತ ಥಟ್ಟನೆ ತಿಳಿಯುತ್ತದೆ. ‘ಹಿ ಈಸ್ ದೇರ್ ಓನ್ಲಿ’ ಅಂದರೆ ‘ಅಲ್ಲೇ ಇದಾನೆ’. ನಾನು ಇಂಗ್ಲಿಷ್ ಕೇಳುತ್ತಿಲ್ಲ, ಅದರ ಹಿಂದಿನ ಕನ್ನಡ ಕೇಳುತ್ತಿದ್ದೇನೆ. ಹೀಗಾಗಿ ‘ಮುಟ್ಟಿತು’ ಅಂತ ಪೂರ್ತಿ ಅಂಕ ಕೊಡುತ್ತೇನೆ. ಇಂಗ್ಲೆಂಡಿನ ಲೆಸ್ಟರ್ ಊರಿನ ಬಸ್ ಡ್ರೈವರಿಗೆ ಅದು ಮುಟ್ಟುವುದೇ ಇಲ್ಲ. ಈಗ ಅನುಮಾನ ಬಂದ ರೆಕಾರ್ಡಿಂಗ್‌ಗಳನ್ನು ಕನ್ನಡ ಬಾರದ ಸಹೋದ್ಯೋಗಿಯೊಬ್ಬರಿಗೆ ಕೇಳಿಸುತ್ತೇನೆ. ಅಂಕ ಹಾಕಿ ಅನ್ನುವುದಿಲ್ಲ, ‘ಇವರು ಏನು ಹೇಳಿದರು, ನನಗೆ ಹೇಳಿ’ ಅನ್ನುತ್ತೇನೆ. ಎಷ್ಟೋ ಸಲ ನಾನು ಹಾಕಿದ ಅಂಕವನ್ನು ಹೊಡೆದು ಹಾಕಿದ್ದೇನೆ. ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಸ್ಪೀಕಿಂಗ್ ಟೆಸ್ಟಿನಲ್ಲಿ ಪರೀಕ್ಷಕರು ಯಂತ್ರದ ಹಾಗೆ ಬರೆದದ್ದನ್ನೇ ಓದುತ್ತಾರೆ ಅಂತ ಮಕ್ಕಳು ದೂರುತ್ತಾರೆ. ಆ 11ರಿಂದ 14 ನಿಮಿಷದ ಮಾತು ಪೂರ್ತಿ ರೆಕಾರ್ಡ್ ಆಗುತ್ತದೆ. ಅವರ ಗಟ್ಟಿ ಮುಖದ ಬೆಲೆ ನನಗೆ ತಿಳಿದದ್ದು ನನ್ನ ರೆಕಾರ್ಡಿಂಗ್ ಕೇಳಿದ ಮೇಲೆ.

ಇನ್ನೊಂದು ಉಪಾಯ, ಫೋನು. ಎದುರಿಗೆ ಕೂತಾಗ ಕಣ್ಣು, ಕೈ, ಮುಖ ಎಲ್ಲ ಸಹಾಯಕ್ಕೆ ಬರುತ್ತವೆ. ಫೋನಿನಲ್ಲಿ ತಲೆಯಾಡಿಸಿದರೆ ಯಾರಿಗೆ ಕಾಣಬೇಕು? ಪಕ್ಕದ ರೂಮಿನಿಂದ ಕರೆ ಮಾಡಿ ಕೊರಿಯರ್‌ನವರ ಥರ ಹೇಳುತ್ತೇನೆ: ಇಂಥ ಫ್ಲಾಟು, ಇಂಥ ಹೆಸರು, ನಾಲ್ಕಕ್ಕೆ ಬರುತ್ತೇನೆ. ಸ್ವಲ್ಪ ಹೊತ್ತಿಗೆ ‘ನಾಲ್ಕಲ್ಲ, ಐದೂವರೆ’ ಅಂತ ಬದಲಾಯಿಸುತ್ತೇನೆ. ಅವರು ಅದನ್ನು ಚೀಟಿಯಲ್ಲಿ ಬರೆದಿಡಬೇಕು. ಕನ್ನಡದಲ್ಲಿ ಬರೆದರೂ ಸೈ. ಐಇಎಲ್‌ಟಿಎಸ್ ಲಿಸನಿಂಗ್‌ನಲ್ಲಿ ಸ್ಪೆಲ್ಲಿಂಗ್ ತಪ್ಪಿದರೆ ಆ ಉತ್ತರಕ್ಕೆ ಅಂಕವಿಲ್ಲ. ಓದಲು ಹೋಗುವವರಿಗೆ ಅದು ಸರಿ ಇರಬಹುದು. ಗೇಟಿನಲ್ಲಿ ಕೂತ ಸೆಕ್ಯೂರಿಟಿಯವರ ಕಿವಿಯನ್ನು ಅಳೆಯುವಾಗ ಅವರ ಸ್ಪೆಲ್ಲಿಂಗನ್ನು ಯಾಕೆ ನಡುವೆ ತರಬೇಕು?

ವೀಸಾದ ಭಯಕ್ಕೆ ಬರುವವರಿಗೆ ಒಂದು ಮಾತು. ಗಂಡ ಅಥವಾ ಹೆಂಡತಿ ಇರುವ ಬ್ರಿಟನ್ನಿಗೆ ಹೋಗುವವರಿಗೆ 2010ರ ನವೆಂಬರ್‌ನಿಂದ ಇಂಗ್ಲಿಷ್ ಟೆಸ್ಟ್ ಇದೆ. ಆ ಮೊದಲ ವೀಸಾಗೆ ಕೇಳುವುದು ಎ1 ಮಟ್ಟದ ಮಾತಾಡುವುದು ಮತ್ತು ಕೇಳಿ ತಿಳಿಯುವುದು ಮಾತ್ರ. ಓದು ಬರಹ ಇಲ್ಲ. ಅದಕ್ಕೆಂದೇ ಇರುವ ಐಇಎಲ್‌ಟಿಎಸ್ ಲೈಫ್ ಸ್ಕಿಲ್ಸ್‌ನಲ್ಲಿ ಇಬ್ಬರು ಅಭ್ಯರ್ಥಿಗಳನ್ನು ಒಟ್ಟಿಗೆ ಕೂರಿಸುತ್ತಾರೆ. ಪರೀಕ್ಷಕರ ಜೊತೆಗೂ ಮಾತಾಡಬೇಕು, ಪಕ್ಕದವರ ಜೊತೆಗೂ. ಬ್ಯಾಂಡು ಗೀಂಡು ಅಂತ ಅಂಕದ ದರ್ಜೆ ಇಲ್ಲ, ಪಾಸ್ ಇಲ್ಲವೇ ಫೇಲ್. ಬಾಯಿಪಾಠ ಮಾಡಿಕೊಂಡು ಹೋದವರು ಅಲ್ಲಿ ಒದ್ದಾಡುತ್ತಾರೆ, ಯಾಕೆಂದರೆ ಪಕ್ಕದವರು ಏನು ಕೇಳುತ್ತಾರೆ ಅಂತ ಯಾವ ಗೈಡಿನಲ್ಲೂ ಇರುವುದಿಲ್ಲ. ಅಮೆರಿಕದ ಪೌರತ್ವದ ಇಂಟರ್‌ವ್ಯೂನಲ್ಲಂತೂ, ತಿಳಿಯದಿದ್ದರೆ ಅಧಿಕಾರಿ ಪ್ರಶ್ನೆಯನ್ನು ಮತ್ತೆ ಹೇಳಬೇಕು, ಬೇರೆ ಮಾತಿನಲ್ಲಿ ಕೇಳಬೇಕು ಅಂತಲೇ ನಿಯಮವಿದೆ.

ವಿದೇಶದಲ್ಲಿ ಕೆಲಸಕ್ಕೆ ಹೋಗುವ ನರ್ಸ್‌ಗಳು ಬರೆಯುವ ಒಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿ ಅವರು ಅವರಾಗಿಯೇ ಇರುತ್ತಾರೆ. ಎದುರಿಗೆ ಪೇಷೆಂಟ್ ಪಾತ್ರದವರು ಕೂತಿರುತ್ತಾರೆ. ಐದೈದು ನಿಮಿಷದ ಎರಡು ಸನ್ನಿವೇಶ. ಪೇಷೆಂಟಿನ ಆತಂಕವನ್ನು ಕೇಳಿಸಿಕೊಂಡರೇ, ತಾವು ಹೇಳಿದ್ದು ಅವರಿಗೆ ತಿಳಿಯಿತೇ ಅಂತ ವಿಚಾರಿಸಿದರೇ ಅನ್ನುವುದಕ್ಕೂ ಅಂಕವಿದೆ. ಮಂಗಳೂರಿನಲ್ಲಿ ಓದಿ ಬಂದ ಒಬ್ಬ ಹುಡುಗಿ ಅಭ್ಯಾಸಕ್ಕೆ ಕೂತಾಗ ನಾನು ಪೇಷೆಂಟ್ ಆಗಿದ್ದೆ. ಅವಳು ಇಂಗ್ಲಿಷನ್ನು ಮರೆತೇಬಿಟ್ಟಳು, ಕೆಲಸಕ್ಕಿಳಿದಳು. ‘ವೇರ್ ಪೇನ್? ಶೋ ಮಿ. ಹಿಯರ್?’ ಅಂತ ನನ್ನ ಮೊಣಕಾಲು ಮುಟ್ಟಿ ನೋಡಿದಳು. ವ್ಯಾಕರಣ ಆಮೇಲೆ ತಿದ್ದಿದೆವು.

ಕೊನೆಗೆ ನಾನು ಕೈಗೆ ಕೊಡುವ ಹಾಳೆಯಲ್ಲಿ ಶೇಕಡಾ ಇರುವುದಿಲ್ಲ. ‘ಫೋನಿನಲ್ಲಿ ವಿಳಾಸ ಬರೆದುಕೊಳ್ಳುತ್ತಾರೆ. ಹೇಳಿದ ಟೈಮು ಬದಲಾದರೆ ತಪ್ಪುತ್ತಾರೆ’ ಅಂತ ಎರಡು ಮೂರು ಸಾಲು ಬರೆಯುತ್ತೇನೆ. ‘ಮಾರ್ಕ್ಸ್ ಎಷ್ಟು ಮೇಡಂ?’ ಅಂತ ಎಲ್ಲರೂ ಕೇಳುತ್ತಾರೆ, ಕೊಟ್ಟರೆ ಫ್ರೇಮ್ ಹಾಕಿಸುತ್ತಾರೇನೋ.

ಬಿ.ಕಾಂ. ಹುಡುಗನ ಮೂರು ತಿಂಗಳ ಹಾಳೆ ಇನ್ನೂ ನನ್ನ ಫೈಲಿನಲ್ಲಿದೆ. ‘ದಾರಿ ಹೇಳುವಾಗ ನಡುವೆ ತಡೆದು, ಸಾರಿ ಮೇಡಂ, ವಿಚ್ ಗೇಟ್? ಅಂತ ಕೇಳಿದ. ಕ್ಯಾಲೆಂಡರಿನಲ್ಲಿ ಮಂಗಳವಾರ ಸರಿಯಾಗಿ ತೋರಿಸಿದ. ಸ್ವಪರಿಚಯ ಇನ್ನೂ ಅದೇ ಹಳೆಯದು.’