ಜಾತ್ರೆ ಮುಗಿದ ಮೇಲೆ ಕೊತ್ತಂಬರಿ ಬಿತ್ತಬೇಡಿ

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಒಂದೇ ಬಗೆಯ ಫೋಟೊಗಳು ಬರುತ್ತವೆ. ಬಾಲ್ಕನಿ ಮೂಲೆಯಲ್ಲೊಂದು ಕುಂಡ. ಅದರೊಳಗೆ ಬಿರುಕು ಬಿಟ್ಟ ಮಣ್ಣು. ಕೆಳಗೊಂದು ಸಾಲು: "ಸರ, ಹದಿನೈದು ದಿನಾ ಆತು, ಕೋತಂಬ್ರಿ ಒಂದೂ ಎದ್ದಿಲ್ಲ. ಬೀಜಾನೇ ಖೊಟ್ಟಿ ಅವೇನ್ರಿ?"

ಬೀಜ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಬಿತ್ತಿದ ತಿಂಗಳು ತಪ್ಪಿರುತ್ತದೆ. ಕಲಬುರಗಿಯಲ್ಲಿ ಮನೆಗಳಿಗೆ ಕೈತೋಟ ಮಾಡಿಕೊಡುವುದು ನನ್ನ ಕೆಲಸ. ಹೆಚ್ಚಿನವರು ಬೆಂಗಳೂರಿನವರ ವಿಡಿಯೊ ನೋಡಿ ಶುರು ಮಾಡಿರುತ್ತಾರೆ. ಅಲ್ಲಿ ವರ್ಷವಿಡೀ ಕೊತ್ತಂಬರಿ ಬೆಳೆದು ತೋರಿಸುತ್ತಾರೆ. ನಮ್ಮಲ್ಲಿ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುತ್ತದೆ. ಬಾಲ್ಕನಿಗೆ ಹಾಸಿದ ಶಹಾಬಾದ್ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲುವುದಕ್ಕೂ ಆಗುವುದಿಲ್ಲ. ಅದೇ ಕಲ್ಲಿನ ಮೇಲೆ ಕುಂಡ ಕೂತಿರುತ್ತದೆ, ಅಲ್ವಾ?

ಕೊತ್ತಂಬರಿಗೆ ತಂಪು ಬೇಕು. ಮಣ್ಣು 30 ಡಿಗ್ರಿ ಮೀರಿ ಕಾದರೆ ಮೊಳಕೆ ಬರುವುದೇ ಕಷ್ಟ. ಅಪ್ಪಿತಪ್ಪಿ ಎದ್ದರೂ ನಾಲ್ಕು ಎಲೆ ಬಿಟ್ಟು ಹೂವಿಗೆ ಹೋಗುತ್ತದೆ. ಸೆಕೆ ತಗುಲಿದ ಗಿಡ ಸಾಯುವ ಮೊದಲು ಬೀಜ ಮಾಡಿಕೊಳ್ಳಲು ನೋಡುತ್ತದೆ. ಆಮೇಲೆ ಎಷ್ಟು ಗೊಬ್ಬರ ಸುರಿದರೂ ಅದು ಎಲೆಯ ಕಡೆ ತಿರುಗುವುದಿಲ್ಲ.

ಅದಕ್ಕೇ ನಾನು ಜನರಿಗೆ ಇಂಗ್ಲಿಷ್ ತಿಂಗಳು ಹೇಳುವುದನ್ನು ಬಿಟ್ಟೆ. ನಮ್ಮ ಹಬ್ಬಗಳ ಲೆಕ್ಕವೇ ಸರಿ ಕೂರುತ್ತದೆ. ದಸರೆ ಆದ ಮೇಲೆ ಬರುವ ಶೀಗಿ ಹುಣ್ಣಿಮೆಗೆ ಮೊದಲ ಕುಂಡ ಬಿತ್ತಿ. 15 ದಿನ ಬಿಟ್ಟು ಎರಡನೆಯದು, ಮತ್ತೆ 15 ದಿನಕ್ಕೆ ಮೂರನೆಯದು. ಹುಣ್ಣಿಮೆಯಿಂದ ಎಳ್ಳಮಾವಾಸ್ಯೆಗೆ ಸುಮಾರು ಎರಡೂವರೆ ತಿಂಗಳು ಸಿಗುತ್ತದೆ. ಕೊತ್ತಂಬರಿ ಕೊಯ್ಲಿಗೆ ಬರಲು 35ರಿಂದ 45 ದಿನ ಸಾಕು. ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಉಣ್ಣುವುದು ನಮ್ಮ ಕಡೆಯ ಪದ್ಧತಿ. ಹೊಲ ಇಲ್ಲದವರೂ ಅವತ್ತಿನ ಭಜ್ಜಿಗೆ, ಅಂದರೆ ಸೊಪ್ಪು-ಕಾಳಿನ ಪಲ್ಯಕ್ಕೆ, ಮನೆಯ ಕೊತ್ತಂಬರಿ, ಮೆಂತ್ಯ ಹಾಕಬಹುದು. ನಮ್ಮ ಕಲಬುರಗಿಯ ಶರಣಬಸವೇಶ್ವರ ಜಾತ್ರೆ ಬರುವುದು ಹೋಳಿ ಆದ ಮೇಲೆ. ತೇರು ಎಳೆದ ದಿನದಿಂದ ಕೊತ್ತಂಬರಿ ಬೀಜದ ಡಬ್ಬಿ ಮುಚ್ಚಿಡಿ.

ಬೀಜಕ್ಕೆ ಅಂಗಡಿಗೇ ಹೋಗಬೇಕೆಂದಿಲ್ಲ. ಅಡುಗೆಮನೆಯ ಧನಿಯಾ ಹುರಿದಿರಬಾರದು, ತೀರಾ ಹಳೆಯದಿರಬಾರದು, ಅಷ್ಟೇ. ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ. ಚಪ್ಪಲಿಯ ಅಡಿಯಲ್ಲೋ ಲಟ್ಟಣಿಗೆಯಲ್ಲೋ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ. ಪುಡಿ ಮಾಡಬೇಡಿ. ಒಂದು ರಾತ್ರಿ ನೆನೆಸಿ ಬಿತ್ತಿದರೆ 8ರಿಂದ 12 ದಿನಕ್ಕೆ ಮೊಳಕೆ ಕಾಣುತ್ತದೆ. ಒಂದೆಡೆ ಸಸಿ ಮಾಡಿ ಆಮೇಲೆ ಕಿತ್ತು ನೆಡುವ ಯೋಚನೆ ಬೇಡ. ಅದರದು ತಾಯಿಬೇರು, ಅಲುಗಿಸಿದರೆ ಮುನಿಯುತ್ತದೆ. ಅಂಗಡಿಯ ಪೊಟ್ಟಣದಲ್ಲಿ ಬರುವ ಗುಲಾಬಿ, ನೀಲಿ ಬಣ್ಣದ ಬೀಜಕ್ಕೆ ಔಷಧಿ ಸವರಿರುತ್ತಾರೆ. ಉಳಿದದ್ದನ್ನು ಒಗ್ಗರಣೆ ಡಬ್ಬಿಗೆ ಹಾಕುವ ಹಾಗಿಲ್ಲ.

ಮೆಂತ್ಯದ ಬಗ್ಗೆ ಹೇಳುವುದೇ ಬೇಡ. ಮೂರು ದಿನಕ್ಕೆ ಎದ್ದು, ತಿಂಗಳೊಳಗೆ ರೊಟ್ಟಿ ಜೊತೆ ತಟ್ಟೆಗೆ ಬರುತ್ತದೆ. ಮೊದಲ ಸಲ ಮಾಡುವವರಿಗೆ ಅದನ್ನೇ ಕೊಡುತ್ತೇನೆ, ಧೈರ್ಯ ಬರಲಿ ಎಂದು.

ಇನ್ನು ದಿಕ್ಕು. ಗಿಡ ಕೊಳ್ಳುವ ಮೊದಲು ಬಾಲ್ಕನಿ ಯಾವ ಕಡೆ ಮುಖ ಮಾಡಿದೆ ನೋಡಿ. ದಕ್ಷಿಣಕ್ಕಿದ್ದರೆ ನಿಮ್ಮ ಅದೃಷ್ಟ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಆಗ ಬಿಸಿಲು ಬಾಲ್ಕನಿಯ ಒಳಗಿನವರೆಗೆ ಬೀಳುತ್ತದೆ. ಕೊತ್ತಂಬರಿಗೆ ಬೇಕಾದ ಕಾಲವೂ ಅದೇ. ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕೆ ಸರಿದಿರುತ್ತಾನೆ. ಆಗ ಮೇಲಿನ ಮಹಡಿಯ ಸ್ಲ್ಯಾಬೇ ನೆರಳು ಕೊಡುತ್ತದೆ. ಪೂರ್ವದ ಬಾಲ್ಕನಿಯೂ ಒಳ್ಳೆಯದು. ಉತ್ತರದಲ್ಲಿ ಪುದೀನಾ, ದೊಡ್ಡಪತ್ರೆ ಇಟ್ಟು ಸುಮ್ನೆ ಇರಿ.

ಪಶ್ಚಿಮದ್ದು ಮಾತ್ರ ಕಠಿಣ. ಹೋದ ವರ್ಷ ಇಂಥದೇ ಒಂದು ಫ್ಲ್ಯಾಟಿಗೆ ಹೋಗಿದ್ದೆ. ಆ ಅಕ್ಕನವರು ಕರಿಬೇವಿನ ಮೇಲೆ ಹಳೆಯ ಸೀರೆ ಹೊದಿಸಿದ್ದರು. ನೆರಳು ಬಿದ್ದಿತ್ತು, ಗಾಳಿ ನಿಂತುಹೋಗಿತ್ತು. ಗಿಡ ಒಳಗೇ ಬೇಯುತ್ತಿತ್ತು. ಮೇಲಾಗಿ ಎಸಿಯ ಹೊರಗಿನ ಡಬ್ಬಿ ಅದರತ್ತಲೇ ಬಿಸಿಗಾಳಿ ಊದುತ್ತಿತ್ತು. ಸೀರೆ ತೆಗೆಸಿ, ಅರ್ಧ ಬಿಸಿಲು ತಡೆಯುವ 50 ಪರ್ಸೆಂಟಿನ ಗ್ರೀನ್ ನೆಟ್ ಕಟ್ಟಿಸಿದೆ. ಅದನ್ನು ಗಿಡಕ್ಕೆ ಕಟ್ಟಲಿಲ್ಲ, ಕಟಕಟೆಯ ಹೊರಬದಿಗೆ ಕಟ್ಟಿಸಿದೆ. ಕುಂಡಗಳನ್ನು ಇಟ್ಟಿಗೆ ಮೇಲೇರಿಸಿ ಒಂದಕ್ಕೊಂದು ಒತ್ತಿ ಇಡಿಸಿದೆ. ಒಂದರ ನೆರಳು ಇನ್ನೊಂದರ ಪಕ್ಕೆಗೆ ಬೀಳುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡವಿದ್ದರೆ ಹೊರಗೆ ಸುಣ್ಣ ಬಳಿಯಿರಿ. ಅಥವಾ ಸ್ವಲ್ಪ ದೊಡ್ಡ ಮಣ್ಣಿನ ಕುಂಡದೊಳಗೆ ಅದನ್ನು ಇಳಿಸಿ, ನಡುವಿನ ಸಂದಿಗೆ ತೊಗರಿ ಹೊಟ್ಟು ತುಂಬಿ. ತೊಗರಿ ನಾಡಿನಲ್ಲಿ ಹೊಟ್ಟಿಗೇನು ಬರ? ಅದೇ ಹೊಟ್ಟನ್ನು ಮಣ್ಣಿನ ಮೇಲೆ ಎರಡು ಬೆರಳು ದಪ್ಪ ಹರಡಿದರೆ ತೇವವೂ ಉಳಿಯುತ್ತದೆ.

ಮಣ್ಣಿನ ವಿಷಯದಲ್ಲಿ ನಮ್ಮವರಿಗೆ ಒಂದು ಹೆಮ್ಮೆ ಇದೆ. "ನಮ್ಮ ಹೊಲದ ಎರಿ ಮಣ್ಣ ತಂದೀವ್ರಿ" ಎನ್ನುತ್ತಾರೆ. ಹೊಲದಲ್ಲಿ ಆ ಕಪ್ಪು ಮಣ್ಣು ಬಂಗಾರ, ಒಪ್ಪುತ್ತೇನೆ. ಕುಂಡದಲ್ಲಿ ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಬಿರಿದಾಗ ಎಳೆಬೇರು ಹರಿಯುತ್ತವೆ. ಹಾಕಿದ ನೀರು ಕುಂಡದ ಅಂಚಿನ ಸಂದಿಯಿಂದ ಕೆಳಗೆ ಹರಿದು ಹೋಗುತ್ತದೆ, ಬೇರಿಗೆ ಸಿಗುವುದೇ ಇಲ್ಲ. ತೂಕವೂ ಜಾಸ್ತಿ. 15 ಲೀಟರ್ ಹಿಡಿಯುವ ಕುಂಡಕ್ಕೆ ಎರೆಮಣ್ಣು ತುಂಬಿ ನೀರುಣಿಸಿದರೆ 25 ಕೆ.ಜಿ. ಆಗುತ್ತದೆ. ಅಂಥ ಹತ್ತು ಕುಂಡ ಕಟಕಟೆಯ ಅಂಚಿಗೆ ಸಾಲಾಗಿ ಇಡುವುದು ಬೇಡ. ಭಾರದವು ಗೋಡೆಯ ಬದಿಗಿರಲಿ. ನಾನು ಬಳಸುವುದು ಕೆಂಪು ಮಣ್ಣು, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಮೂರೂ ಸಮ. ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಬೀದರ್ ಕಡೆಯವರಿಗೆ ಕೆಂಪು ಮಣ್ಣು ಊರ ಹೊರಗೇ ಸಿಗುತ್ತದೆ. ನಾವು ನರ್ಸರಿಯವರನ್ನು ಕೇಳಬೇಕು.

ನೀರಿನಲ್ಲಿ ಆಗುವ ಎಡವಟ್ಟನ್ನು ನಾನು ಮನೆಮನೆಯಲ್ಲಿ ನೋಡುತ್ತೇನೆ. ಬೇಸಿಗೆಯಲ್ಲಿ ಕೂಲರ್ ತೊಟ್ಟಿ ತೊಳೆದ ನೀರನ್ನು "ಯಾಕ ಚೆಲ್ಲಬೇಕು" ಎಂದು ಗಿಡಕ್ಕೆ ಹಾಕುತ್ತಾರೆ. ಕೂಲರಿನಲ್ಲಿ ಆರಿ ಹೋಗುವುದು ನೀರು ಮಾತ್ರ, ಅದರ ಉಪ್ಪೆಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಇನ್ನೂ ಕೆಟ್ಟದ್ದು. ಕುಡಿಯುವ ನೀರಿನ ಆರ್‌ಒ ಫಿಲ್ಟರ್ ಬೇಡವೆಂದು ಹೊರಗೆ ಬಿಡುವ ನೀರಿನದೂ ಇದೇ ಕಥೆ. ಅವೆರಡನ್ನೂ ನೆಲ ತೊಳೆಯಲು ಇಟ್ಟುಕೊಳ್ಳಿ. ಎಸಿಯಿಂದ ಹನಿಯುವ ನೀರಿನಲ್ಲಿ ಮಾತ್ರ ಉಪ್ಪು ಇಲ್ಲವೇ ಇಲ್ಲ ಎನ್ನಬಹುದು. ಅದನ್ನು ಬೋರ್ ನೀರಿಗೆ ಬೆರೆಸಿ ಗಿಡಕ್ಕೆ ಹಾಕಿ. ಇನ್ನೊಂದು ಮಾತು. ಮೇ ತಿಂಗಳ ಮಧ್ಯಾಹ್ನ ಮಾಳಿಗೆಯ ಟ್ಯಾಂಕಿನ ನೀರು ಕೈ ಸುಡುವಷ್ಟು ಬಿಸಿ ಇರುತ್ತದೆ. ಬೆಳಿಗ್ಗೆ ಎಂಟರೊಳಗೆ ನೀರುಣಿಸಿ ಮುಗಿಸಿ.

ಕರಿಬೇವಿನ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಗೊಬ್ಬರ ಕಡಿಮೆಯಾಗಿದೆ ಎಂದು ತಿಳಿಯಬೇಡಿ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣದಂಶದ ನೀರಿನಿಂದ ಗಿಡಕ್ಕೆ ಅದು ದಕ್ಕುತ್ತಿಲ್ಲ. ನರ್ಸರಿಯಲ್ಲಿ ಕಬ್ಬಿಣದ ಚೀಲೇಟ್, ಅಂದರೆ ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ ಸಿಗುತ್ತದೆ, ಪೊಟ್ಟಣದ ಮೇಲಿನ ಅಳತೆಯಂತೆ ಹಾಕಿ. ನಮ್ಮ ಅಮ್ಮ ಹುಳಿ ಮಜ್ಜಿಗೆ ಹಾಕುತ್ತಿದ್ದಳು. ಬಹಳ ತಿಳಿ ಮಾಡಿ ತಿಂಗಳಿಗೊಮ್ಮೆ ಹಾಕಿದರೆ ತೊಂದರೆ ಇಲ್ಲ. ದಪ್ಪ ಮಜ್ಜಿಗೆ ಸುರಿದರೆ ನೊಣ ಬರುತ್ತವೆ, ಪಕ್ಕದ ಮನೆಯವರೂ ಬರುತ್ತಾರೆ. ಮತ್ತೆ, ಒಗ್ಗರಣೆಗೆ ಒಂದೊಂದೇ ಎಲೆ ಕೀಳಬೇಡಿ. ತುದಿಯ ಕುಡಿಯನ್ನೇ ಚಿವುಟಿ. ಪಕ್ಕದಲ್ಲಿ ಎರಡು ಕುಡಿ ಒಡೆಯುತ್ತವೆ.

ಪುದೀನಾಕ್ಕೆ ದುಡ್ಡು ಖರ್ಚು ಮಾಡಬೇಡಿ. ಸಂತೆಯಿಂದ ತಂದ ಕಟ್ಟಿನಲ್ಲಿ ದಪ್ಪ ಕಡ್ಡಿ ಆರಿಸಿ, ಕೆಳಗಿನ ಎಲೆ ತೆಗೆದು, ನೀರಲ್ಲಿ ಇಡಿ. ವಾರ, ಹತ್ತು ದಿನದಲ್ಲಿ ಬೇರು ಬರುತ್ತದೆ. ಅದಕ್ಕೆ ಆಳ ಬೇಡ, ಅಗಲ ಬೇಕು. ಮುರಿದ ಟಬ್ ಸಾಕು. ಬೇರೆ ಗಿಡದ ಜೊತೆ ಮಾತ್ರ ಇಡಬೇಡಿ, ಹಬ್ಬಿ ಅದರ ಜಾಗವನ್ನೂ ನುಂಗುತ್ತದೆ.

ಕಾಲೇಜು ಹುಡುಗರು ಈಗ ಪಿಜ್ಜಾಕ್ಕೆ ಬೇಸಿಲ್ ಬೆಳೆಯಬೇಕು ಎಂದು ಕೇಳುತ್ತಾರೆ. ಫಲೂದಾಕ್ಕೆ ಹಾಕುವ ಸಬ್ಜಾ ಬೀಜ ನಮ್ಮ ಕಾಮಕಸ್ತೂರಿಯದು. ಅದೂ ಬೇಸಿಲ್ಲೂ ಒಂದೇ ಜಾತಿ. ವಾಸನೆ ಸ್ವಲ್ಪ ಬೇರೆ. ಸೆಕೆಗೂ ಅಷ್ಟಾಗಿ ಅಂಜುವುದಿಲ್ಲ. ಒಂದು ಚಿಟಿಕೆ ಬಿತ್ತಿ ನೋಡಿ. ಒರೆಗಾನೊ ಬೇಕೆಂದವರ ಕೈಗೆ ವಾಸನೆಯಲ್ಲಿ ಅದಕ್ಕೆ ಹತ್ತಿರದ ದೊಡ್ಡಪತ್ರೆಯ ಕಡ್ಡಿ ಕೊಟ್ಟು ಕಳಿಸುತ್ತೇನೆ. ಸ್ವಲ್ಪ ಮುಖ ಸಣ್ಣ ಮಾಡುತ್ತಾರೆ, ಆದರೆ ಅದು ಸಾಯುವುದಿಲ್ಲ.

ಬೇಸಿಗೆಯಲ್ಲಿ ಖಾಲಿಯಾದ ಕುಂಡಗಳನ್ನು ನೋಡಿ ಬೇಜಾರಾಗಬೇಡಿ. ಏಪ್ರಿಲ್‌ನಲ್ಲಿ ಅವುಗಳ ಮಣ್ಣನ್ನೆಲ್ಲ ಮಾಳಿಗೆಯ ಮೇಲೆ ಸುರಿದು, ಹಳೆಯ ಬೇರು ಆರಿಸಿ, ಸ್ವಲ್ಪ ತೇವ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ. ಅಂಚಿಗೆ ಕಲ್ಲು ಇಡಿ. ನಾಲ್ಕರಿಂದ ಆರು ವಾರ ಬಿಟ್ಟರೆ ನಮ್ಮ ಬಿಸಿಲಿಗೆ ಹುಳದ ಮೊಟ್ಟೆ, ಕಳೆಬೀಜ, ಬಹಳಷ್ಟು ರೋಗ ಸುಟ್ಟು ಹೋಗುತ್ತವೆ. ಮಳೆಗೆ ಮುಂಚೆ ಚೀಲಕ್ಕೆ ತುಂಬಿ ಒಳಗಿಡಿ. ಶೀಗಿ ಹುಣ್ಣಿಮೆಗೆ ವಾರ ಇರುವಾಗ ಅದಕ್ಕೆ ಹೊಸ ಗೊಬ್ಬರ ಬೆರೆಸಿ, ಧನಿಯಾ ನೆನೆಹಾಕಿ.